ಪೆಟ್ಟು ಬಿದ್ದ ಕಾರು: ಎಲ್ಲಿ ಬಿತ್ತು ಎಂದು ಕೇಳಿ

ಬಿ.ಸಿ.ರೋಡು, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿಯೇ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಬರಲಿ, ಕೊಳ್ಳುವವರ ಮೊದಲ ಪ್ರಶ್ನೆ "ಆಕ್ಸಿಡೆಂಟ್ ಆಗಿದೆಯಾ?" ಮಾರುವವರ ಮೊದಲ ಉತ್ತರ "ಇಲ್ಲ ಮಾರಾಯ್ರೆ, ಒಂದು ಗೀರೂ ಇಲ್ಲ." ಹೌದು ಎಂದರೆ ಗಿರಾಕಿ ಹೊರಟೇ ಹೋಗುತ್ತಾರೆ ಎಂದು ಗೊತ್ತಿದ್ದ ಮೇಲೆ ಯಾರು ತಾನೇ ಹೌದು ಎಂದಾರು? ಚಾರ್ಮಾಡಿ ಹತ್ತುವ 73, ಶಿರಾಡಿಗೆ ಹೋಗುವ 75, ಮೂಡುಬಿದಿರೆ ಹಾದು ಕಾರ್ಕಳಕ್ಕೆ ಸಾಗುವ 169, ಈ ಹೆದ್ದಾರಿಗಳಲ್ಲೂ ಅವುಗಳಿಂದ ಒಳಕ್ಕೆ ಕವಲೊಡೆಯುವ ಕಿರಿದಾದ ರಸ್ತೆಗಳಲ್ಲೂ ಏಳೆಂಟು ವರ್ಷ ಓಡಿದ ಕಾರಿಗೆ ಒಂದು ಗೀರೂ ಇಲ್ಲವೆಂದರೆ ಸಂಶಯಪಡಬೇಕಾದ್ದು ಅದನ್ನೇ.

"ಆಕ್ಸಿಡೆಂಟ್ ಆದ ಗಾಡಿ ಬೇಡವೇ ಬೇಡ"

ಬಂಪರ್, ಬಾನೆಟ್, ಫೆಂಡರ್, ಬಾಗಿಲು, ಹೆಡ್‌ಲೈಟ್ ಇವೆಲ್ಲ ಬೋಲ್ಟ್ ಬಿಚ್ಚಿ ಬದಲಿಸುವ ಭಾಗಗಳು. ಕೆಂಪುಕಲ್ಲಿನ ಪಾಗಾರಕ್ಕೆ ಉಜ್ಜಿ ಬಾಗಿಲು ಒಳಗೆ ಹೋಗಿತ್ತು, ಹೊಸ ಬಾಗಿಲು ಹಾಕಿ ಪೈಂಟ್ ಮಾಡಿಸಿದ್ದಾರೆ ಎಂದರೆ ಆ ಕಾರು ಓಡುವುದಕ್ಕೂ ನಿಮ್ಮ ಸುರಕ್ಷತೆಗೂ ಏನೂ ಕಡಿಮೆಯಾಗಿಲ್ಲ. ಬೆಲೆಯಲ್ಲಿ ಸ್ವಲ್ಪ ಚೌಕಾಸಿ ಮಾಡಿ, ಸಂತೋಷದಿಂದ ತೆಗೆದುಕೊಳ್ಳಿ.

ಅಸ್ಥಿಪಂಜರಕ್ಕೆ ಪೆಟ್ಟು ಬಿದ್ದಿದ್ದರೆ ಮಾತು ಬೇರೆ. ಆಲ್ಟೊ, ಸ್ವಿಫ್ಟ್, ಐ20ಯಂಥ ಕಾರುಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಮಡಿಸಿದ ತಗಡುಗಳನ್ನು ವೆಲ್ಡ್ ಮಾಡಿ ಕಟ್ಟಿದ ಬಾಡಿಯೇ ಅವುಗಳ ಚಾಸಿಸ್. ಎದುರಿನಿಂದ ಗುದ್ದಿದಾಗ ಇಂಜಿನ್ನಿನ ಎರಡೂ ಬದಿಯ ಉದ್ದನೆಯ ಕಂಬಿಗಳು ಮಡಿಚಿಕೊಂಡು ಪೆಟ್ಟಿನ ಬಲವನ್ನು ನುಂಗುವಂತೆ ವಿನ್ಯಾಸ ಮಾಡಿರುತ್ತಾರೆ. ಒಮ್ಮೆ ಮಡಿಚಿದ್ದನ್ನು ಬಿಸಿ ಮಾಡಿ, ಚೈನ್ ಹಾಕಿ ಎಳೆದು ನೇರ ಮಾಡಿದರೆ ನೋಡಲಿಕ್ಕೆ ನೇರವೇ. ಇನ್ನೊಮ್ಮೆ ಗುದ್ದಿದಾಗ ಅದು ಮೊದಲಿನ ಲೆಕ್ಕದಂತೆ ಮಡಿಚುತ್ತದೆ ಎಂಬ ಭರವಸೆ ಇಲ್ಲ. ಫೆಂಡರಿನ ಹಿಂದಿನ ತಗಡಾದ ಎಪ್ರನ್, ಬಾಗಿಲಿನ ಪಿಲ್ಲರ್, ಡ್ಯಾಶ್‌ಬೋರ್ಡಿನ ಹಿಂದಿನ ಗೋಡೆ, ನೆಲ, ಇವುಗಳಲ್ಲಿ ಕತ್ತರಿಸಿ ಜೋಡಿಸಿದ ಗುರುತು ಕಂಡರೆ ಅರ್ಧ ಬೆಲೆಗೂ ಬೇಡ ಎಂಬುದು ನನ್ನ ಅಭಿಪ್ರಾಯ. ಬೊಲೆರೊ, ಸ್ಕಾರ್ಪಿಯೊಗಳಿಗೆ ಪ್ರತ್ಯೇಕ ಚಾಸಿಸ್ ಇದೆ; ಅದು ಸೊಟ್ಟಗಾಗಿದ್ದರೂ ಇದೇ ಮಾತು.

ಇದನ್ನು ಕಂಡುಹಿಡಿಯಲು ಎಂಜಿನಿಯರೇ ಆಗಬೇಕೆಂದಿಲ್ಲ. ಬಾಗಿಲು ತೆರೆದು ಪಿಲ್ಲರಿನ ಸುತ್ತ ಇರುವ ರಬ್ಬರ್ ಬೀಡಿಂಗನ್ನು ಒಂದು ಗೇಣು ಎಳೆಯಿರಿ. ಕೈಯಲ್ಲೇ ಬರುತ್ತದೆ, ಮತ್ತೆ ಒತ್ತಿದರೆ ಕೂರುತ್ತದೆ. ಅದರಡಿ ಫ್ಯಾಕ್ಟರಿಯ ಸ್ಪಾಟ್ ವೆಲ್ಡ್ ಚುಕ್ಕೆಗಳು ಒಂದೇ ಅಂತರದಲ್ಲಿ, ಬೊಟ್ಟು ಒತ್ತಿದಂತೆ ಸಾಲಾಗಿ ಕಾಣಬೇಕು. ಚುಕ್ಕೆ ಇಲ್ಲದೆ ನಯವಾಗಿದ್ದರೆ, ಅಥವಾ ಉಬ್ಬಿದ ವೆಲ್ಡಿಂಗ್ ಗೆರೆ ಇದ್ದರೆ, ಅಲ್ಲಿ ಯಾರದೋ ಕೈಯಾಡಿದೆ. ನಾಲ್ಕೂ ಬಾಗಿಲಿಗೆ ಹೀಗೆ ಮಾಡಿ. ಆಮೇಲೆ ಬಾನೆಟ್ ಎತ್ತಿ ಫೆಂಡರಿನ ಬೋಲ್ಟ್‌ಗಳ ತಲೆಯ ಮೇಲೆ ಪೈಂಟ್ ಒಡೆದಿದೆಯೇ ನೋಡಿ. ಒಡೆದಿದ್ದರೆ ಫೆಂಡರ್ ಬಿಚ್ಚಿದ್ದಾರೆ ಎಂದಷ್ಟೇ ಅರ್ಥ, ಗಾಬರಿ ಬೇಡ. ಅದರ ಹಿಂದಿನ ಎಪ್ರನ್ ನೋಡಲು ಅದೊಂದು ಸೂಚನೆ. ಡಿಕ್ಕಿಯ ಮ್ಯಾಟ್ ತೆಗೆದು ಸ್ಟೆಪ್ನಿ ಕೂರುವ ಗುಂಡಿಯಲ್ಲೂ ಸುಕ್ಕು, ಹೊಸ ಪೈಂಟ್ ಹುಡುಕಿ. ಕೊನೆಗೆ ಅಲೈನ್‌ಮೆಂಟ್ ಅಂಗಡಿಗೆ ಒಯ್ದು ಪ್ರಿಂಟ್ ತೆಗೆಸಿ. ಎಷ್ಟು ತಿರುಗಿಸಿದರೂ ಒಂದು ಚಕ್ರ ಲೆಕ್ಕಕ್ಕೆ ಬರುತ್ತಿಲ್ಲ, ಹೊಸ ಬಿಡಿಭಾಗ ಹಾಕಿದರೂ ಬರುವುದಿಲ್ಲ ಎಂದು ಅಲ್ಲಿನ ಹುಡುಗ ಹೇಳಿದರೆ ಬಾಡಿಯೇ ಸೊಟ್ಟಗಿರಬಹುದು.

ಮ್ಯಾಗ್ನೆಟ್ ಪರೀಕ್ಷೆಯ ಬಗ್ಗೆ ಒಂದು ಮಾತು. ದಪ್ಪ ಪುಟ್ಟಿ ಇರುವಲ್ಲಿ ಅದು ಸರಿಯಾಗಿ ಅಂಟುವುದಿಲ್ಲ ಎನ್ನುವುದು ನಿಜ. ಆದರೆ ಬಂಪರಿಗೆ ಹಿಡಿದು "ಅಂಟುವುದೇ ಇಲ್ಲ" ಎಂದು ಗುಲ್ಲೆಬ್ಬಿಸುವವರೂ ಇದ್ದಾರೆ. ಬಂಪರ್ ಪ್ಲಾಸ್ಟಿಕ್ಕಿನದು.

"ಆ ಗಾಡಿಯಲ್ಲಿ ಸಾವಾಗಿದೆಯಂತೆ, ಆಗಿ ಬರುವುದಿಲ್ಲ"

ನಮ್ಮೂರಿನಲ್ಲಿ ಇದನ್ನು ಹಗುರಾಗಿ ತಳ್ಳಿಹಾಕಲು ಆಗುವುದಿಲ್ಲ, ನಾನೂ ಹಾಕುವುದಿಲ್ಲ. ಮನಸ್ಸು ಒಪ್ಪದ ಗಾಡಿಯಲ್ಲಿ ದಿನಾ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಬೇಡ. ಆದರೆ ಬೈಕ್ ಸವಾರ ತೀರಿಹೋದ ಅಪಘಾತದಲ್ಲಿ ಕಾರಿನ ಬಂಪರ್ ಮಾತ್ರ ಒಡೆದಿರಬಹುದು. ಯಾರಿಗೂ ತರಚುಗಾಯವೂ ಆಗದ ಅಪಘಾತದಲ್ಲಿ ಪಿಲ್ಲರ್ ಬಾಗಿರಬಹುದು. ದೋಷ ಯಾವುದರಲ್ಲಿದೆ ಎಂದು ನೋಡುವಾಗ ಸಾವಿನ ವಿಷಯವನ್ನೂ ಕಾರಿಗೆ ಬಿದ್ದ ಪೆಟ್ಟನ್ನೂ ಬೇರೆಬೇರೆಯಾಗಿ ಕೇಳಿ.

"ಮೊಬೈಲಿನಲ್ಲಿ ನಂಬರ್ ಹಾಕಿದರೆ ಜಾತಕವೇ ಬರುತ್ತದೆ"

ಬರುವುದಿಲ್ಲ. ಸರಕಾರದ ವಾಹನ ದಾಖಲೆ ತಾಣ ಪರಿವಾಹನ್‌ನಲ್ಲಿ ಎಷ್ಟನೇ ಮಾಲೀಕರು, ಸಾಲ ಬಾಕಿಯ ನಮೂದು, ಇನ್ಶೂರೆನ್ಸ್ ಅವಧಿ, ಎಫ್‌ಸಿ, ಹೊಗೆ ಸರ್ಟಿಫಿಕೇಟ್ ಸಿಗುತ್ತದೆ. ಅಪಘಾತದ ಕಾಲಂ ಅದರಲ್ಲಿ ಇಲ್ಲ. ಆರ್‌ಸಿಯಲ್ಲೂ ಇಲ್ಲ.

ಹತ್ತಿರದ ಸುಳಿವು ಸಿಗುವುದು ಹಳೆಯ ಇನ್ಶೂರೆನ್ಸ್ ಪಾಲಿಸಿಗಳಲ್ಲಿ. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೆ ನೋ ಕ್ಲೇಮ್ ಬೋನಸ್ 20, 25, 35, 45, 50 ಪ್ರತಿಶತ ಎಂದು ಏರುತ್ತದೆ. ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಆರು ವರ್ಷದ ಕಾರಿನ ಪಾಲಿಸಿಯಲ್ಲಿ ಬೋನಸ್ 20 ಎಂದಿದ್ದರೆ "ಎರಡು ವರ್ಷದ ಹಿಂದೆ ಏನಾಗಿತ್ತು?" ಎಂದು ಕೇಳಲು ನಿಮಗೆ ಆಧಾರ ಸಿಕ್ಕಿತು. ಆದರೆ 50 ಇದ್ದ ಮಾತ್ರಕ್ಕೆ ಕಾರು ಶುದ್ಧ ಎಂದಲ್ಲ. ಬೋನಸ್ ಸೇರುವುದು ಮಾಲೀಕರಿಗೆ, ಕಾರಿಗಲ್ಲ. ಹಿಂದಿನ ಕಾರಿನಿಂದ ತಂದಿರಬಹುದು. ಕೈಯಿಂದಲೇ ದುಡ್ಡು ಕೊಟ್ಟು ಹೊರಗಿನ ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡಿಸಿದ್ದು ಯಾವ ದಾಖಲೆಯಲ್ಲೂ ಬರುವುದಿಲ್ಲ. ಕಂಪೆನಿ ಶೋರೂಮಿನ ಸರ್ವಿಸ್ ಹಿಸ್ಟರಿಯಲ್ಲಿ ಬಾಡಿ ರಿಪೇರಿಯ ಬಿಲ್ಲುಗಳಿದ್ದರೆ ಅದನ್ನು ಕೆಟ್ಟ ಸುದ್ದಿ ಎಂದುಕೊಳ್ಳಬೇಡಿ. ಯಾವ ಭಾಗ ಬದಲಾಯಿತೆಂದು ಗೊತ್ತಿರುವ ಕಾರು ಅದು.

"ಟೋಟಲ್ ಲಾಸ್" ಎಂಬ ಮಾತನ್ನೂ ಜನ ತಪ್ಪಾಗಿ ತಿಳಿದಿದ್ದಾರೆ. ಕಾರು ನುಜ್ಜುಗುಜ್ಜಾಗಿರಬೇಕೆಂದೇನಿಲ್ಲ, ರಿಪೇರಿ ಖರ್ಚು ಪಾಲಿಸಿಯಲ್ಲಿ ನಮೂದಾದ ಮೌಲ್ಯದ, ಅಂದರೆ ಐಡಿವಿಯ, 75 ಪ್ರತಿಶತ ದಾಟಿದರೆ ಸಾಕು. ಐಡಿವಿ 1,20,000 ಇರುವ ಹಳೆಯ ಕಾರಿಗೆ 90,000 ದಾಟಿದ ಅಂದಾಜು ಬಂದರೆ ಅದು ಟೋಟಲ್ ಲಾಸ್. ಆ ಗುಜರಿ ಕಡಿಮೆ ಬೆಲೆಗೆ ಮಾರಾಟವಾಗಿ, ಅಗ್ಗದಲ್ಲಿ ರಿಪೇರಿಯಾಗಿ ಮತ್ತೆ ರಸ್ತೆಗೆ ಬರುವುದುಂಟು. ಇಂಥ ಕಾರಿನ ಕಾಗದಪತ್ರ ಇಟ್ಟುಕೊಂಡು ಕದ್ದ ಕಾರಿಗೆ ಅದರ ಚಾಸಿಸ್ ನಂಬರ್ ಹೊಡೆಯುವ ಜಾಲಗಳೂ ಸಿಕ್ಕಿಬಿದ್ದಿವೆ. ಆದ್ದರಿಂದ ಚಾಸಿಸ್ ನಂಬರನ್ನು ಆರ್‌ಸಿಗೆ ಹೋಲಿಸಿ ಓದಿದರಷ್ಟೇ ಸಾಲದು, ಸುತ್ತಲಿನ ತಗಡನ್ನು ಬೆರಳಿನಿಂದ ಸವರಿ ನೋಡಿ.

"ಪೊಲೀಸ್ ಕೇಸ್ ಇಲ್ಲ ಎಂದಮೇಲೆ ಏನೂ ಆಗಿಲ್ಲ"

ಚಾರ್ಮಾಡಿಯ ತಿರುವಿನಲ್ಲಿ ಒಬ್ಬರೇ ಹೋಗಿ ಧರೆಗೆ ಗುದ್ದಿದರೆ, ಮಳೆಗಾಲದಲ್ಲಿ ಜಾರಿ ಮೋರಿಗೆ ಬಿದ್ದರೆ, ಸಾಮಾನ್ಯವಾಗಿ ಕೇಸು ಆಗುವುದಿಲ್ಲ. ಕ್ರೇನ್ ಬರುತ್ತದೆ, ಕಾರು ಗ್ಯಾರೇಜಿಗೆ ಹೋಗುತ್ತದೆ. ಹಾಗಾಗಿ ಕೇಸಿಲ್ಲ ಎಂಬುದು ಪುರಾವೆಯಲ್ಲ.

ಕೇಸ್ ಆಗಿದ್ದರೆ ಒಂದು ಅನುಕೂಲವೂ ಒಂದು ಅಪಾಯವೂ ಇದೆ. ಅನುಕೂಲ ಏನೆಂದರೆ, ನಾವು ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುವ ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ಯಾವ ಭಾಗಕ್ಕೆ ಏನಾಗಿದೆ ಎಂದು ವರದಿ ಕೊಟ್ಟಿರುತ್ತಾರೆ. ಅದರ ಪ್ರತಿ ಮಾಲೀಕರ ಬಳಿ ಇದ್ದರೆ ಕೇಳಿ. ಮಾರುವವರ ಆಣೆಗಿಂತ ಅದು ಮೇಲು. ಅಪಾಯವನ್ನು ಜನ ಗಮನಿಸುವುದೇ ಇಲ್ಲ. ಜಪ್ತಿಯಾದ ಗಾಡಿಯನ್ನು ಮಾಲೀಕರು ಕೋರ್ಟಿನಿಂದ ಬಾಂಡ್ ಬರೆದು ಬಿಡಿಸಿಕೊಂಡಿರುತ್ತಾರೆ. ಪ್ರಕರಣ ಮುಗಿಯುವವರೆಗೆ ಮಾರಬಾರದು, ರೂಪ ಬದಲಿಸಬಾರದು ಎಂಬ ಷರತ್ತು ಅದರಲ್ಲಿ ಇರುವುದುಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರರಲ್ಲೂ ಕೋರ್ಟ್ ಇದೆ. ಕೇಸ್ ನಡೆದಿದೆ ಎಂದು ಗೊತ್ತಾದರೆ ಪರಿಚಯದ ವಕೀಲರೊಬ್ಬರಿಂದ ಆ ಆದೇಶ ಓದಿಸಿಯೇ ಅಡ್ವಾನ್ಸ್ ಕೊಡಿ.

"ಏರ್‌ಬ್ಯಾಗ್ ಲೈಟ್ ಉರಿಯುತ್ತಿಲ್ಲ, ಎಲ್ಲ ಸರಿಯಿದೆ"

ಕೀ ತಿರುಗಿಸಿದಾಗ ಆ ಲೈಟು ಕೆಲವು ಸೆಕೆಂಡ್ ಉರಿದು ಆರಬೇಕು. ಉರಿಯುವುದೇ ಇಲ್ಲವೆಂದರೆ ಬಲ್ಬ್ ತೆಗೆದಿರಬಹುದು, ಇಲ್ಲವೇ ವೈರ್ ಬೇರೆಡೆಗೆ ಜೋಡಿಸಿರಬಹುದು. ಒಮ್ಮೆ ಸಿಡಿದ ಏರ್‌ಬ್ಯಾಗ್ ಬದಲಿಸುವುದು ದುಬಾರಿ, ಹಾಗಾಗಿ ಮುಚ್ಚಳ ಮಾತ್ರ ಹಾಕಿ ಮಾರುತ್ತಾರೆ. ಸ್ಕ್ಯಾನರ್ ಹಾಕಿಸಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ತಯಾರಿಕೆಯ ದಿನಾಂಕದ ಚೀಟಿ ಕಾಣುತ್ತದೆ. ಕಾರಿಗಿಂತ ಬೆಲ್ಟು ಹೊಸದಾಗಿದ್ದರೆ ಕಾರಣ ಕೇಳಿ.

"ನೀರು ಹೊಕ್ಕರೇನು, ಒಣಗಿಸಿದರಾಯಿತು"

1974ರ ನೆರೆಯ ಕತೆ ಕೇಳಿ ಬೆಳೆದ ಬಂಟ್ವಾಳದವರಿಗೆ ನೇತ್ರಾವತಿಯ ಬಗ್ಗೆ ಹೇಳಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕು ಕಂಡದ್ದೂ ಹಳೆಯದಲ್ಲ. ನನ್ನ ಲೆಕ್ಕದಲ್ಲಿ ಬಾಗಿಲು ಒಳಗೆ ಹೋದ ಕಾರಿಗಿಂತ ಸೀಟಿನವರೆಗೆ ಮುಳುಗಿದ ಕಾರು ಹೆಚ್ಚು ಅಪಾಯದ್ದು. ಕೆಸರುನೀರು ವೈರಿಂಗಿನ ಕನೆಕ್ಟರುಗಳ ಒಳಗೆ ಕುಳಿತು ತಿಂಗಳುಗಟ್ಟಲೆ ನಿಧಾನಕ್ಕೆ ತಿನ್ನುತ್ತದೆ. ಇಂದು ಪವರ್ ವಿಂಡೊ, ನಾಳೆ ಎಬಿಎಸ್. ಊರಿನ ಉಪ್ಪುಗಾಳಿ ತಾಗದ ಕಾರು ಬೇಕೆಂದು ಬೆಂಗಳೂರಿನಿಂದ ತರುವವರು 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಗಳು ತುಂಬಿದ್ದನ್ನೂ, ಗಡಿಯಾಚೆಯಿಂದ ತರುವವರು 2018ರ ಕೇರಳದ ನೆರೆಯನ್ನೂ ಮರೆಯಬಾರದು.

ನಮ್ಮಲ್ಲಿ ಮಳೆಯಿಂದಲೇ ಅಡಿಭಾಗಕ್ಕೆ ತುಕ್ಕು ಹಿಡಿಯುತ್ತದೆ, ಅದೊಂದನ್ನೇ ನೋಡಿ ನೆರೆ ಎನ್ನಬೇಡಿ. ಸೀಟಿನ ಹಳಿಗಳ ತುಕ್ಕು, ಕಾರ್ಪೆಟ್ ಅಡಿಯ ಮಣ್ಣು, ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿದರೆ ಸಿಗುವ ಕೆಸರಿನ ಪುಡಿ, ಇವು ಸಾಕ್ಷಿ. ವಿಪರೀತ ಪರಿಮಳ ಹೊಡೆಯುವ ಕಾರಿನ ಕಾರ್ಪೆಟನ್ನು ಮೊದಲು ಎತ್ತಿ.

ಕೊಂಡ ಮೇಲೆ

ಥರ್ಡ್ ಪಾರ್ಟಿ ವಿಮೆ ಕಾನೂನಿನಂತೆ ನಿಮಗೆ ವರ್ಗವಾಯಿತೆಂದೇ ಎಣಿಕೆ. ಆದರೆ ನಿಮ್ಮದೇ ಕಾರಿನ ರಿಪೇರಿಗೆ ಹಣ ಸಿಗಬೇಕಾದರೆ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳಬರ ಬೋನಸ್ ನಿಮಗೆ ಬರುವುದಿಲ್ಲ.

ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ಅವರು ಆರ್‌ಟಿಒ ಅಧಿಕಾರ ಪತ್ರ ಹೊಂದಿರಬೇಕು, ತೋರಿಸಲು ಹೇಳಿ. ಮರೆಮಾಚಿ ಮಾರಿದ್ದು ಗೊತ್ತಾದರೆ ಎರಡು ವರ್ಷದೊಳಗೆ ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆದರೆ ಅಲ್ಲಿ ಬಾಯಿಮಾತು ನಿಲ್ಲುವುದಿಲ್ಲ. ಆದ್ದರಿಂದ ವ್ಯಾಪಾರಿಯಿರಲಿ, ನೆರೆಮನೆಯವರಿರಲಿ, ಕರಾರಿನಲ್ಲಿ ಒಂದು ಸಾಲು ಸೇರಿಸಿ: ಇಂತಿಂಥ ಭಾಗಕ್ಕೆ ಪೆಟ್ಟಾಗಿ ರಿಪೇರಿಯಾಗಿದೆ, ಬೇರೆಲ್ಲೂ ಆಗಿಲ್ಲ, ನೀರು ಹೊಕ್ಕಿಲ್ಲ. ಇಷ್ಟು ಬರೆದು ಸಹಿ ಹಾಕುವವರ ಕಾರಿಗೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬರೆಯಲು ಒಪ್ಪದವರ ಕಾರನ್ನು ಬಿಟ್ಟುಬಿಡಿ.