ಪಾಂಗ್ ಯಾಕೆ ನಿಂತಿತು?

1972ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ ಊರಿನ ‘ಆಂಡಿ ಕ್ಯಾಪ್ಸ್’ ಎಂಬ ಬಾರಿಗೆ ಒಂದು ಪೆಟ್ಟಿಗೆ ಬಂತು. ಒಳಗೆ ಅಂಗಡಿಯಿಂದ ತಂದ ಕಪ್ಪು-ಬಿಳುಪು ಟಿವಿ, ಹೊರಗೆ ತಿರುಗಿಸುವ ಎರಡು ಗುಂಡಿ, ಕಾಲು ಡಾಲರ್ ನಾಣ್ಯ ಹಾಕುವ ಕಿಂಡಿ. ಅಟಾರಿ ಕಂಪನಿಯ ಎಂಜಿನಿಯರ್ ಅಲನ್ ಆಲ್ಕಾರ್ನ್ ಕಟ್ಟಿದ ಈ ಟೇಬಲ್ ಟೆನಿಸ್ ಆಟದ ಹೆಸರು ಪಾಂಗ್. ಸ್ವಲ್ಪ ದಿನಕ್ಕೇ ಬಾರಿನಿಂದ ದೂರು ಹೋಯಿತು: ಯಂತ್ರ ನಿಂತುಬಿಟ್ಟಿದೆ.

ಇದನ್ನೇ ಒಂದು ಪರೀಕ್ಷೆಯ ಪ್ರಶ್ನೆ ಮಾಡೋಣ. ‘ಪಾಂಗ್ ನಿಂತಿದೆ, ಆದ್ದರಿಂದ ಅದರ ಸರ್ಕಿಟ್ ಕೆಟ್ಟಿದೆ.’ ಈ ವಾದ ಬಾಯಿಬಿಟ್ಟು ಹೇಳದ ಊಹೆ ಯಾವುದು? ನಮ್ಮ ಬ್ಯಾಂಕ್ ಪರೀಕ್ಷೆಗಳಲ್ಲೂ ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಕ್ಕೆ ಬರೆಯುವ ಎಲ್‌ಸ್ಯಾಟ್‌ನಲ್ಲೂ ಇಂಥವು ಬರುತ್ತವೆ. ಎರಡು ಆಯ್ಕೆ ಕೊಡುತ್ತೇನೆ. ಒಂದು, ಪಾಂಗ್‌ನ ಸರ್ಕಿಟ್ ಬಹಳ ನಾಜೂಕಿನದು. ಎರಡು, ಸರ್ಕಿಟ್ ಸರಿಯಿದ್ದೂ ಯಂತ್ರ ನಿಲ್ಲುವಂಥ ಬೇರೆ ಕಾರಣವಿಲ್ಲ.

ಮೊದಲನೆಯದು ಸಹಜವೆನಿಸುತ್ತದೆ, ಬಹಳ ಮಂದಿ ಬೀಳುವುದೂ ಅಲ್ಲೇ. ಪ್ರತಿಯೊಂದನ್ನೂ ಸುಳ್ಳೆಂದು ಇಟ್ಟುಕೊಂಡು ನೋಡಿ. ಸರ್ಕಿಟ್ ಗಟ್ಟಿಮುಟ್ಟಾಗಿದೆ ಎನ್ನಿ. ಗಟ್ಟಿಯಾದದ್ದೂ ಕೆಡಬಹುದು, ವಾದಕ್ಕೆ ಏನೂ ಆಗಲಿಲ್ಲ. ಬೇರೆ ಕಾರಣವೊಂದಿದೆ ಎನ್ನಿ. ವಾದ ಅಲ್ಲೇ ಕುಸಿಯಿತು. ಯಾವುದನ್ನು ಕಿತ್ತರೆ ವಾದ ನಿಲ್ಲದೋ ಅದೇ ಅದರ ಊಹೆ.

ಆಲ್ಕಾರ್ನ್ ಹೋಗಿ ಪೆಟ್ಟಿಗೆ ತೆರೆದರು. ಸರ್ಕಿಟ್ ಸರಿಯಾಗಿಯೇ ಇತ್ತು. ಜನ ಅಷ್ಟು ಆಡಿದ್ದರು, ನಾಣ್ಯದ ಡಬ್ಬಿ ತುಂಬಿ ತುಳುಕಿತ್ತು!

ನಮ್ಮ ನೈಯಾಯಿಕರು, ಅಂದರೆ ನ್ಯಾಯ ದರ್ಶನದ ತಾರ್ಕಿಕರು, ಅಡಗಿದ ಊಹೆಯನ್ನು ಹುಡುಕುವ ಈ ಕೆಲಸವನ್ನು ಶತಮಾನಗಳ ಹಿಂದೆಯೇ ಬಹಳ ನಿಖರವಾಗಿ ಮಾಡಿಟ್ಟಿದ್ದಾರೆ. ‘ಅಲ್ಲಿ ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ’ ಎಂದರೆ ಅವರು ಒಪ್ಪುವುದಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆ ಬೇಕು. ಹೀಗೆ ಮರೆಯಲ್ಲಿ ನಿಂತ ಷರತ್ತನ್ನು ಅವರು ಉಪಾಧಿ ಎಂದರು. ತರ್ಕದ ತರಗತಿಗಳಲ್ಲಿ ಈ ಉದಾಹರಣೆಯನ್ನು ಮೊದಲ ದಿನವೇ ಹೇಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಪಾಂಗ್‌ನ ಬಗ್ಗೆ ಇನ್ನೊಂದು ವಾದ ಇಂದಿಗೂ ಕೇಳಿಬರುತ್ತದೆ: ಪರದೆಯ ಮೇಲೆ ಚೆಂಡು ಓಡುತ್ತದೆ, ಹಾಗಾದರೆ ಒಳಗೊಂದು ಪ್ರೋಗ್ರಾಂ ಇರಲೇಬೇಕು. ಇರಲಿಲ್ಲ. ಮೈಕ್ರೊಪ್ರೊಸೆಸರ್ ಕೂಡ ಇರಲಿಲ್ಲ. ಟಿವಿಯ ಎಲೆಕ್ಟ್ರಾನ್ ಕಿರಣ ಪರದೆಯನ್ನು ಗೆರೆ ಗೆರೆಯಾಗಿ ಬರೆಯುತ್ತ ಇಳಿಯುತ್ತದೆ. ಎಣಿಸುವುದಷ್ಟೇ ಗೊತ್ತಿರುವ ಸರಳ ಚಿಪ್‌ಗಳು ಅದರ ಜತೆಜತೆಗೇ ಎಣಿಸುತ್ತ, ಚೆಂಡಿನ ಜಾಗ ಬಂದಾಗ ಚುಕ್ಕೆಯನ್ನು ಬೆಳಗಿಸುತ್ತವೆ. ಎಣಿಕೆಯನ್ನು ಕಿರಣದ ಲಯದಿಂದ ತುಸುವೇ ತಪ್ಪಿಸಿದರೆ ಚುಕ್ಕೆ ಪ್ರತಿ ಚಿತ್ರದಲ್ಲೂ ಚೂರು ಚೂರು ಸರಿಯುತ್ತದೆ. ಅದೇ ಚೆಂಡಿನ ಓಟ. ಬ್ಯಾಟನ್ನು 8 ಭಾಗ ಮಾಡಿದ್ದರು. ನಡುವೆ ಬಡಿದ ಚೆಂಡು ನೇರ ಹೋಗುತ್ತದೆ, ಅಂಚಿಗೆ ಬಡಿದದ್ದು ಓರೆಯಾಗಿ.

ಆ ಸರ್ಕಿಟ್‌ನಲ್ಲಿ ನಿಜವಾದ ದೋಷವೂ ಒಂದಿತ್ತು. ಬ್ಯಾಟು ಪರದೆಯ ತುದಿ ಮುಟ್ಟುತ್ತಿರಲಿಲ್ಲ, ಮೇಲೆ ಕಿರಿದಾದ ಸಂದಿ ಉಳಿಯುತ್ತಿತ್ತು. ‘ಇದು ದೋಷ, ಆದ್ದರಿಂದ ತಿದ್ದಬೇಕು’ ಎಂಬ ಮಾತಿನಲ್ಲೂ ಒಂದು ಊಹೆ ಅಡಗಿದೆ: ದೋಷದಿಂದ ಆಟಕ್ಕೆ ಕೆಡುಕೇ ಹೊರತು ಒಳಿತಿಲ್ಲ. ಆಲ್ಕಾರ್ನ್ ಅದನ್ನು ತಿದ್ದಲಿಲ್ಲ. ಆ ಸಂದಿ ಇಲ್ಲದಿದ್ದರೆ ಕೈ ಪಳಗಿದ ಇಬ್ಬರು ಒಂದೇ ನಾಣ್ಯಕ್ಕೆ ಬಾರು ಮುಚ್ಚುವವರೆಗೂ ಆಡುತ್ತಿದ್ದರು.