ಭಿಕ್ಷೆ ಹಾಕದ ಮನೆಯ ಮುಂದೆಯೂ ಹಾಡು

ಕಲಾವಿದನ ಹುಮ್ಮಸ್ಸನ್ನು ಕುಂದಿಸುವ ಸಂಗತಿಗಳಲ್ಲಿ ಎರಡು ಮುಖ್ಯವಾದವು: ತನ್ನದೇ ತಪ್ಪಿನಿಂದ ಹುಟ್ಟುವ ಅಳುಕು ಮತ್ತು ಪರರ ಅನಾದರದಿಂದ ಹುಟ್ಟುವ ಬೇಸರ. ಇವೆರಡನ್ನೂ ವ್ಯಕ್ತಿಯ ಮನೋಬಲದ ಪ್ರಶ್ನೆಯಾಗಿ ನೋಡುವುದು ಇಂದಿನ ರೂಢಿ. ಆದರೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮೌಖಿಕ ಕಾವ್ಯ ಪರಂಪರೆಯು ಈ ಭಾರವನ್ನು ಹಾಡುಗಾರನೊಬ್ಬನ ಹೆಗಲಿಗೇ ಹೊರಿಸದೆ, ದೀಕ್ಷೆಗೂ ಮೇಳಕ್ಕೂ ಜಾತ್ರೆಗೂ ಹಂಚಿಬಿಟ್ಟಿದೆ.

ಇಲ್ಲಿ ಎರಡು ಬಗೆಯ ವೃತ್ತಿಗಾಯಕರಿದ್ದಾರೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದವರು ದೇವರಗುಡ್ಡರು. ಮಂಟೇಸ್ವಾಮಿ ಮತ್ತು ಅವನ ಶಿಷ್ಯ ಸಿದ್ದಪ್ಪಾಜಿಯ ಒಕ್ಕಲಾಗಿ ತಂಬೂರಿ ಹಿಡಿದವರು ನೀಲಗಾರರು. ಗುಡ್ಡರ ವಾದ್ಯ ಕಂಸಾಳೆ, ಅಂದರೆ ಕಂಚಿನ ಜೋಡಿ ತಾಳ: ಎಡಗೈಯಲ್ಲಿ ಬಟ್ಟಲಿನಾಕಾರದ್ದು, ಬಲಗೈಯಲ್ಲಿ ಗೊಂಡೆಯ ದಾರಕ್ಕೆ ಕಟ್ಟಿದ ಚಪ್ಪಟೆಯದು. ಇಬ್ಬರೂ ಹಾಡುವುದು ರಾತ್ರಿಗಟ್ಟಲೆ ಸಾಗುವ ಮಹಾಕಾವ್ಯವನ್ನು. ಅದರ ಒಂದೊಂದು ಕಥಾಭಾಗಕ್ಕೆ 'ಸಾಲು' ಎಂದು ಹೆಸರು. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಎಂದು ಕೇಳುಗರು ತಮಗೆ ಬೇಕಾದುದನ್ನು ಹೆಸರು ಹೇಳಿಯೇ ಹಾಡಿಸಿಕೊಳ್ಳುತ್ತಾರೆ.

ಇಷ್ಟು ದೊಡ್ಡ ಕಾವ್ಯವನ್ನು ಬಾಯಲ್ಲೇ ಹೊತ್ತವನಿಗೆ ಜಾಡು ತಪ್ಪುವುದು ಸಹಜವಾದುದರಿಂದ, ತಪ್ಪಿಗೆ ಕಾವ್ಯದ ಕಟ್ಟಿನಲ್ಲೇ ಜಾಗ ಮಾಡಲಾಗಿದೆ. ಮುಂದಾಳು ಒಂದು ನುಡಿ ಹಾಡಿದೊಡನೆ ಹಿಮ್ಮೇಳದವರು ಸೊಲ್ಲು, ಅಂದರೆ ಪಲ್ಲವಿಯಂತೆ ಮರಳಿ ಮರಳಿ ಬರುವ ಪಂಕ್ತಿಯನ್ನು, ಎತ್ತಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅವನಿಗೆ ಉಸಿರೂ ಸಿಗುತ್ತದೆ, ಮುಂದಿನ ಮಾತೂ ಸಿಗುತ್ತದೆ. ಮಾದಪ್ಪ ಬೆಟ್ಟ ಇಳಿಯುವುದು, ಜಂಗಮನ ವೇಷ ತೊಡುವುದು, ಮನೆಯ ಮುಂದೆ ನಿಲ್ಲುವುದು ಮುಂತಾದವಕ್ಕೆ ಸಿದ್ಧ ನುಡಿಗಟ್ಟುಗಳಿದ್ದು, ಅವನ್ನು ಹಿಗ್ಗಿಸಿ ಕುಗ್ಗಿಸಿ ಕಥೆಯನ್ನು ಮತ್ತೆ ದಾರಿಗೆ ತರಬಹುದು. 1930ರ ದಶಕದಲ್ಲಿ ಯುಗೊಸ್ಲಾವಿಯದ ಹಾಡುಗಾರರನ್ನು ಧ್ವನಿಮುದ್ರಿಸಿದ ಮಿಲ್ಮನ್ ಪ್ಯಾರಿ ಮತ್ತು ಆ ಕೆಲಸವನ್ನು ಮುಂದುವರಿಸಿ 1960ರಲ್ಲಿ ಪುಸ್ತಕವಾಗಿ ವಿವರಿಸಿದ ಆಲ್ಬರ್ಟ್ ಲಾರ್ಡ್ ತೋರಿಸಿಕೊಟ್ಟದ್ದೂ ಇದನ್ನೇ: ಕಥೆಯನ್ನು ಅಕ್ಷರಶಃ ಮೊದಲಿನಂತೆಯೇ ಹಾಡಿದೆನೆಂದು ಗಾಯಕ ನಂಬಿದ್ದರೂ ಪ್ರತಿ ಹಾಡಿಕೆಯೂ ಹೊಸ ರಚನೆಯೇ ಆಗಿರುತ್ತದೆ. ಮೂಲಪಾಠವೇ ಇಲ್ಲದ ಕಡೆ ಪಾಠದ ತಪ್ಪು ಎಂಬುದಕ್ಕೆ ಹೆಚ್ಚು ಅರ್ಥವಿಲ್ಲ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿ ಅಚ್ಚಿಗೆ ತಂದದ್ದು ದೊಡ್ಡ ಉಪಕಾರವೇ ಸರಿ. ಆದರೆ ಅಚ್ಚಾದ ಪುಟವನ್ನು ಮುಂದಿಟ್ಟುಕೊಂಡು ಇನ್ನೊಬ್ಬ ಗುಡ್ಡನ ಹಾಡಿನಲ್ಲಿ ತಪ್ಪು ಹುಡುಕುವ ಓದುಗ ಆ ಪರಂಪರೆಯನ್ನು ಅರ್ಥಮಾಡಿಕೊಂಡಿಲ್ಲವೆಂದೇ ಹೇಳಬೇಕು.

ಅನಾದರದ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಯಳಂದೂರಿನ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿ ತಾಂಬೂಲದ ಸಂಚಿ ಹಿಡಿಯುವ ಊಳಿಗದವಳಾಗಿದ್ದೂ, ಹಾಡಲು ಒಗ್ಗುವ ದೇಸಿ ಛಂದಸ್ಸಾದ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ಬರೆದಳು; ಅವಳ ಬೆನ್ನಿಗೆ ಗುರು ಸಿಂಗರಾರ್ಯನಿದ್ದ, ಕೇಳಲು ಅರಮನೆಯಿತ್ತು. ಮನೆಮನೆ ತಿರುಗುವ ಗುಡ್ಡನಿಗೆ ಅಂಥ ಆಸರೆಯಿಲ್ಲ. 'ಮುಂದಕ್ಕೆ ಹೋಗಪ್ಪ' ಎಂಬ ಮಾತು ಅವನ ದಿನದ ಪಾಡು. ಆದರೂ ಅವನು ಹಾಡುವುದು ಮೆಚ್ಚುಗೆಗಾಗಿ ಅಲ್ಲ, ಕೊರಳಿಗೆ ರುದ್ರಾಕ್ಷಿ ಬಿದ್ದ ದಿನ ಒಪ್ಪಿಕೊಂಡ ನೇಮಕ್ಕಾಗಿ. ಮನೆಯವರು ಕದ ಮುಚ್ಚಿಕೊಂಡರೂ ನೇಮ ಸಂದಂತೆಯೇ. ಕಾವ್ಯವೂ ಅವನ ಪರವಾಗಿದೆ. ಬೇವಿನಹಟ್ಟಿ ಕಾಳಮ್ಮ ಸಿರಿಯ ಸೊಕ್ಕಿನಲ್ಲಿ ಮಾದಪ್ಪನಿಗೇ ಭಿಕ್ಷೆ ಹಾಕದೆ ಕೆಡುತ್ತಾಳೆ. ಕಬ್ಬಿಣದ ಭಿಕ್ಷೆ ಕೇಳಿ ಹಲಗೂರಿಗೆ ಹೋದ ಸಿದ್ದಪ್ಪಾಜಿಯನ್ನು ಅಲ್ಲಿಯ ಕಮ್ಮಾರರಾದ ಪಾಂಚಾಳರು ಕ್ರೂರ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಬರಿಗೈಯಲ್ಲಿ ತಿರುಗಿದವರಲ್ಲಿ ದೇವರೇ ಮೊದಲಿಗನಾದ ಮೇಲೆ ಹಾಡುಗಾರನಿಗೆ ಅದು ಅವಮಾನವಾಗಿ ಉಳಿಯುವುದಿಲ್ಲ.

ಇದರಲ್ಲಿ ಎಲ್ಲವೂ ಹಿತವಾದುದೆಂದು ಭಾವಿಸಬೇಕಾಗಿಲ್ಲ. ಬಹುಪಾಲು ತಳಸಮುದಾಯಗಳಿಂದ ಬಂದ ಈ ಗಾಯಕರನ್ನು ಅದೇ ನೇಮ ಜೋಳಿಗೆಗೂ ಬಡತನಕ್ಕೂ ಕಟ್ಟಿಹಾಕಿತು. ಆ ಜೋಳಿಗೆ ಬೇಡವೆಂದು ಬೇರೆ ದುಡಿಮೆ ಹಿಡಿದ ಮಕ್ಕಳನ್ನು ದೂರುವ ಹಕ್ಕು ಸಂಸ್ಕೃತಿಪ್ರಿಯರಿಗಿಲ್ಲ. ಇನ್ನೊಂದೆಡೆ, ತಾಳವನ್ನು ಬೀಸಿ ಕುಣಿಯುವ ಬೀಸು ಕಂಸಾಳೆ ಉತ್ಸವಗಳ ವೇದಿಕೆಯೇರಿ ಚಪ್ಪಾಳೆ ಗಳಿಸಿದೆ, ದೀಕ್ಷೆಯಿಲ್ಲದ ವಿದ್ಯಾರ್ಥಿಗಳೂ ಅದನ್ನು ಕಲಿಯುತ್ತಿದ್ದಾರೆ. ಕುಣಿತವೇನೋ ತಾಲೀಮಿನಿಂದ ದಕ್ಕುತ್ತದೆ. ಸಾಲುಗಳು ದಕ್ಕಬೇಕಾದರೆ ಚಪ್ಪಾಳೆಯಿಲ್ಲದ ಹಿಮ್ಮೇಳದಲ್ಲಿ ಗುರುವಿನ ಹಿಂದೆ ಸೊಲ್ಲು ಹಿಡಿದು ವರ್ಷಗಟ್ಟಲೆ ತಿರುಗಬೇಕಾಗುತ್ತದೆ.