ಡಬ್ಬಿ ಕಡಲೆ ಮತ್ತು ತಣ್ಣಗಿನ ಒಲೆ

ಹೋದ ಚಳಿಗಾಲದಲ್ಲಿ ನಮ್ಮ ಒಹಾಯೋದಲ್ಲಿ ಹಿಮಗಾಳಿಗೆ ಕರೆಂಟು ಹೋಗಿ ಎಲೆಕ್ಟ್ರಿಕ್ ಒಲೆ ತಣ್ಣಗೆ ಕೂತಿತ್ತು. ಮಗಳಿಗೆ ಹಸಿವು. ಮನೇಲಿ ಇದ್ದದ್ದು ಎರಡು ಡಬ್ಬಿ ಕಡಲೆಕಾಳು. "ಬಿಸಿ ಮಾಡದೆ ಕೊಟ್ರೆ ಏನಾದ್ರೂ ಆಗತ್ತಾ?" ಅಂದಳು ಹೆಂಡತಿ.

ಆಗಲ್ಲ. ಕಾರ್ಖಾನೆಯಲ್ಲಿ ಡಬ್ಬಿ ಮುಚ್ಚಿದ ಮೇಲೇ ಅದನ್ನು ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿರ್ತಾರೆ, ನಮ್ಮ ಪ್ರೆಶರ್ ಕುಕ್ಕರ್ ಥರಾನೇ. ನಾವು ಬಿಸಿ ಮಾಡೋದು ರುಚಿಗಷ್ಟೇ.

ಹೆದರಬೇಕಾದ್ದು ಬೇರೆ. 2015ರಲ್ಲಿ ಇಲ್ಲಿನ ಲ್ಯಾಂಕಾಸ್ಟರ್‌ನಲ್ಲಿ ಚರ್ಚಿನ ಊಟದಲ್ಲಿ ಆಲೂಗಡ್ಡೆ ಸಲಾಡ್ ತಿಂದು 29 ಜನಕ್ಕೆ ಬಾಟ್ಯುಲಿಸಮ್ ಆಯಿತು, ಒಬ್ಬರು ತೀರಿಕೊಂಡರು. ಆ ಆಲೂಗಡ್ಡೆಯನ್ನು ಮನೆಯಲ್ಲೇ ಬಾಟಲಿಗೆ ತುಂಬಿ, ಪ್ರೆಶರ್ ಕೊಡದೆ ಬರೀ ಕುದಿಯೋ ನೀರಲ್ಲಿ ಇಟ್ಟಿದ್ದರು. ಅಷ್ಟು ಬಿಸಿಗೆ ಆ ಬ್ಯಾಕ್ಟೀರಿಯಾದ ಬೀಜಾಣು ಸಾಯಲ್ಲ. ಗಾಳಿಯಿಲ್ಲದ ಕಡೆ ಮೊಳೆತು ವಿಷ ಮಾಡುತ್ತೆ. ಆ ವಿಷಕ್ಕೆ ವಾಸನೆಯೂ ಇಲ್ಲ.

ಡಬ್ಬಿ ಉಬ್ಬಿದ್ರೆ, ಸೋರ್ತಿದ್ರೆ, ಅಂಚು ಜಜ್ಜಿದ್ರೆ, ತೆರೆದಾಗ ಚಿಮ್ಮಿದ್ರೆ "ಚೆನ್ನಾಗಿ ಕುದಿಸಿ ತಿನ್ನೋಣ" ಅನ್ನಬೇಡಿ. ರುಚಿನೂ ನೋಡಬೇಡಿ, ಎಸೀರಿ.

ಅವತ್ತು ಒಂದು ಡಬ್ಬಿಯ ಮುಚ್ಚಳ ಸ್ವಲ್ಪ ಉಬ್ಬಿತ್ತು. ಹಸಿದ ಮಗು ಎದುರಿಗಿದ್ದರೂ ಕಸಕ್ಕೆ ಹಾಕಿದೆ. ಇನ್ನೊಂದು ಸರಿಯಾಗಿತ್ತು. ಈರುಳ್ಳಿ, ನಿಂಬೆಹುಳಿ, ಉಪ್ಪು ಬಿದ್ದು ಮೇಣದಬತ್ತಿ ಬೆಳಕಲ್ಲಿ ಕೋಸಂಬರಿ ಆಯಿತು. ನೀವೂ ತೆರೆಯೋ ಮುಂಚೆ ಡಬ್ಬೀನ ಒಮ್ಮೆ ತಿರುಗಿಸಿ ನೋಡ್ತೀರಲ್ವಾ?